ಟೆಂಪೊದೊಳಗಿನಿಂದ ಕೇಳಿದ ಕನ್ನಡ

ಅದು ೧೯೭೮ನೇ ಇಸವಿಯ ಚಳಿಗಾಲ. ನಾನು ಮದುವೆಯಾಗಿ ವಡೋದರಾಕ್ಕೆ ಬಂದು ಎರಡು ವರ್ಷ ಕಳೆದಿತ್ತು. ರೈಲ್ವೆ ಸ್ಟೇಷನ್ನಿನಿಂದ ಸ್ವಲ್ಪ ಆಚೆ ನಮ್ಮದೊಂದು ಚಿಕ್ಕ ಹೋಟೆಲು. ನಮ್ಮ ಯಜಮಾನರದು ಉಡುಪಿ ಕಡೆ, ನನ್ನದು ಕುಂದಾಪುರದ ಹತ್ತಿರ. ಇಡ್ಲಿ, ದೋಸೆ, ಕಾಫಿ ಬಿಟ್ಟು ಅಲ್ಲಿ ಬೇರೇನೂ ಸಿಗುತ್ತಿರಲಿಲ್ಲ. ಊರಿನವರು ಅದನ್ನು ‘ಮದ್ರಾಸಿ ಹೋಟೆಲ್’ ಎಂದೇ ಕರೆಯುತ್ತಿದ್ದರು. ಹೋಟೆಲಿನ ಹಿಂದಿನ ಎರಡು ಕೋಣೆಗಳಲ್ಲಿ ನಮ್ಮ ಸಂಸಾರ. ಬೆಳಗಿನ ರುಬ್ಬುವ ಕೆಲಸ ಮುಗಿದರೆ ನನಗೆ ಮಾತನಾಡಲು ಜನವೇ ಇರಲಿಲ್ಲ. ಗುಜರಾತಿ ಬರುತ್ತಿರಲಿಲ್ಲ, ಶಾಲೆಯಲ್ಲಿ ಕಲಿತ ಹಿಂದಿಯೂ ತರಕಾರಿ ಗಾಡಿಯವನ ಹತ್ತಿರ ಚೌಕಾಸಿಗೆ ಮಾತ್ರ ಬಳಕೆಯಾಗುತ್ತಿತ್ತು. ಸದಾ ಊರಿನದೇ ನೆನಪು. ರೈಲು ಕೂಗಿದಾಗಲೆಲ್ಲ ಅದು ದಕ್ಷಿಣದ ಕಡೆಗೆ ಹೋಗುವುದೋ ಏನೋ ಎಂದು ಕಿವಿಗೊಡುತ್ತಿದ್ದೆ.

ಒಂದು ದಿನ ಬೆಳಿಗ್ಗೆ ಹೋಟೆಲಿನ ಮುಂದೆ ನಿಂತು ಕೊತ್ತಂಬರಿ ಸೊಪ್ಪು ಆರಿಸುತ್ತಿದ್ದೆ. ಹಾಲಿನ ಕ್ಯಾನು ಸಾಗಿಸುವ ಒಂದು ಟೆಂಪೊ ಬಂದು ನಿಂತಿತು. ಅದರಿಂದ ನಾಲ್ಕೈದು ಹಳ್ಳಿಯ ಗಂಡಸರು ಇಳಿದು ಚಹಾ ಕುಡಿಯಲು ಒಳಗೆ ಹೋದರು. ಹಿಂದೆ ಒಂದು ಹಗ್ಗದ ಮಂಚದ ಮೇಲೆ ಯಾರನ್ನೋ ಮಲಗಿಸಿದ್ದರು. ಪಕ್ಕದಲ್ಲಿ ಒಬ್ಬ ಹೆಂಗಸು ಕೂತು ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದಳು. ನಾನು ನನ್ನ ಪಾಡಿಗೆ ಸೊಪ್ಪು ಆರಿಸುತ್ತಿದ್ದೆ.

ಆಗ ಟೆಂಪೊದೊಳಗಿನಿಂದ ಒಂದು ಮುದಿ ದನಿ ಜೋರಾಗಿ ಕೇಳಿಸಿತು.

“ಕಣ್ಣಿಗೆ ಬಿಸ್ಲು ಬೀಳ್ತೈತೆ, ಒಂದ್ ಬಟ್ಟೆ ಅಡ್ಡ ಹಿಡೀರೋ ಅಂದ್ರೆ ಒಬ್ರಾದ್ರೂ ಕೇಳಲ್ವಲ್ಲ!”

ಸೊಪ್ಪಿನ ಕಟ್ಟು ಕೈಯಿಂದ ಜಾರಿ ಬಿತ್ತು. ಎರಡು ವರ್ಷದಲ್ಲಿ ಆ ಬೀದಿಯಲ್ಲಿ ನಮ್ಮ ಮನೆಯವರ ಬಾಯಿಂದಲ್ಲದೆ ಕನ್ನಡ ಕೇಳಿದ್ದೇ ಇಲ್ಲ. ಓಡಿ ಹೋಗಿ ಟೆಂಪೊದೊಳಗೆ ಇಣುಕಿದೆ. ಎಪ್ಪತ್ತರ ಹತ್ತಿರದ ಒಬ್ಬ ಅಜ್ಜಿ, ಗುಜರಾತಿ ರೀತಿಯಲ್ಲಿ ಸೆರಗು ಮುಂದಕ್ಕೆ ತಂದು ಸೀರೆ ಉಟ್ಟಿದ್ದರು. ಬೀಳದಿರಲೆಂದು ಸೊಂಟದ ಮೇಲೊಂದು ಹಗ್ಗ ಹಾಕಿ ಅವರನ್ನು ಮಂಚಕ್ಕೆ ಕಟ್ಟಿದ್ದರು. ಸರಿಯಾಗಿ ಮುಖದ ಮೇಲೆ ಬಿಸಿಲು ಬೀಳುತ್ತಿತ್ತು. ನಾನು ನನ್ನ ಸೆರಗನ್ನೇ ಅಡ್ಡ ಹಿಡಿದು ಕೇಳಿದೆ:

“ಅಜ್ಜೀ, ನೀವು ಕನ್ನಡದವರಾ?”

ಅಜ್ಜಿ ಕಣ್ಣು ಬಿಟ್ಟು ನನ್ನನ್ನೇ ನೋಡಿದರು. ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದುಕೊಂಡರು.

“ನಾನ್ ಅನ್ನೋದು ನಿಂಗೆ ಕೇಳ್ಸುತ್ತೇನೇ?”

“ಕೇಳುತ್ತದೆ ಅಜ್ಜೀ.”

“ಅಬ್ಬ! ಇವ್ರಿಗೆಲ್ಲ ಕಿವಿ ಹೋಗ್ಬಿಟ್ಟೈತೆ ಕಣಮ್ಮ. ಊರಿಗೂರೇ ಕಿವುಡಾಗ್ಬಿಟ್ಟೈತೆ.”

ಗಾಳಿ ಹಾಕುತ್ತಿದ್ದ ಹೆಂಗಸು ಬೀಸಣಿಗೆ ಕೆಳಗಿಟ್ಟು “ಪಾಸ್ಟರ್ ಸಾಹೇಬ್!” ಎಂದು ಕಿರುಚಿದಳು. ಒಳಗಿದ್ದವರು ಚಹಾದ ಲೋಟ ಹಿಡಿದುಕೊಂಡೇ ಹೊರಗೆ ಓಡಿ ಬಂದರು. ಅವರಲ್ಲಿ ಖಾದಿ ಅಂಗಿ ತೊಟ್ಟ ಐವತ್ತರ ಆಸುಪಾಸಿನವರು ಯೋಹಾನಭಾಯಿ, ಮಹೀ ನದಿಯ ದಡದ ಒಂದು ಹಳ್ಳಿಯ ಚಿಕ್ಕ ಚರ್ಚಿನ ಪಾಸ್ಟರು. ಅವರು ನನ್ನನ್ನು ‘ಬೆನ್’, ಅಂದರೆ ಅಕ್ಕ, ಎಂದು ಕರೆದು ಹಿಂದಿಯಲ್ಲಿ ಕೇಳಿದರು:

“ಬೆನ್, ಇವರು ಆಡುವುದು ನಿಮಗೆ ತಿಳಿಯುತ್ತದೆಯೇ?”

“ತಿಳಿಯುತ್ತದೆ. ಕಣ್ಣಿಗೆ ಬಿಸಿಲು ಬೀಳುತ್ತಿದೆ ಎನ್ನುತ್ತಿದ್ದಾರೆ.”

ಯೋಹಾನಭಾಯಿ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. ಆಮೇಲೆ ಮೆಲ್ಲಗೆ ಕೇಳಿದರು: “ಅಂದರೆ ಇದು ಒಂದು ಭಾಷೆಯೇ?”

ಅವರು ಹೇಳಿದ ಸಂಗತಿ ಹೀಗಿತ್ತು. ಅಜ್ಜಿಯ ಹೆಸರು ಸಾರಮ್ಮ. ಊರಿನವರೆಲ್ಲ ಅವರನ್ನು ಮಾಸಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದರು. ಬಹಳ ವರ್ಷಗಳ ಹಿಂದೆ, ಬ್ರಿಟಿಷರ ಕಾಲದಲ್ಲಿ, ಒಬ್ಬ ಡಾಕ್ಟರಮ್ಮನ ಜೊತೆ ನರ್ಸಾಗಿ ಆ ಹಳ್ಳಿಯ ದವಾಖಾನೆಗೆ ಬಂದವರು. ಡಾಕ್ಟರಮ್ಮ ವಾಪಸ್ಸು ಹೋದರು, ದವಾಖಾನೆ ಮುಚ್ಚಿತು, ಸಾರಮ್ಮ ಮಾತ್ರ ಉಳಿದರು. ಊರಿನ ಅರ್ಧಕ್ಕರ್ಧ ಜನ ಅವರ ಕೈಯಲ್ಲೇ ಹುಟ್ಟಿದವರು. ಗುಜರಾತಿಯನ್ನು ಊರಿನವರ ಹಾಗೆಯೇ ಮಾತನಾಡುತ್ತಿದ್ದರಂತೆ, ಅವರ ಬಾಯಲ್ಲಿ ಬೇರೆ ಮಾತನ್ನು ಯಾರೂ ಕೇಳಿರಲಿಲ್ಲ. ಹದಿನೈದು ದಿನಗಳ ಹಿಂದೆ ನೀರು ಸೇದುವಾಗ ಕುಸಿದು ಬಿದ್ದರು. ಎಚ್ಚರವಾದ ಮೇಲೆ ಬಾಯಿಂದ ಬಂದದ್ದು ಯಾರಿಗೂ ತಿಳಿಯದ ಮಾತು. ಬರಬರುತ್ತ ಊಟ ತಳ್ಳಿದರು, ಸಿಟ್ಟು ಮಾಡಿದರು, ಅತ್ತರು. ಹತ್ತಿರದ ಪೇಟೆಯ ವೈದ್ಯರೊಬ್ಬರು ತಲೆ ಕೆಟ್ಟಿದೆ ಎಂದರು. ಈಗ ಹುಚ್ಚಾಸ್ಪತ್ರೆಗೆ ಕರೆದುಕೊಂಡು ಹೊರಟಿದ್ದರು.

ಅಷ್ಟರಲ್ಲಿ ನಮ್ಮ ಯಜಮಾನರೂ ಗಲ್ಲಾ ಬಿಟ್ಟು ಹೊರಗೆ ಬಂದಿದ್ದರು. ಎಲ್ಲ ಕೇಳಿ, “ಅಲ್ಲಿಗೆ ಬೇಡ, ಮೊದಲು ನಮ್ಮ ಡಾಕ್ಟರಿಗೆ ತೋರಿಸಿ” ಎಂದರು. ದಿನಾ ನಮ್ಮಲ್ಲಿ ಕಾಫಿ ಕುಡಿಯುವ ವಯಸ್ಸಾದ ಡಾಕ್ಟರೊಬ್ಬರ ದವಾಖಾನೆ ಮುಂದಿನ ಬೀದಿಯಲ್ಲೇ ಇತ್ತು. ಸಾರಮ್ಮ ನನ್ನ ಕೈ ಬಿಡಲಿಲ್ಲ. ಹಾಗಾಗಿ ನಾನೂ ಟೆಂಪೊ ಹತ್ತಬೇಕಾಯಿತು.

ಡಾಕ್ಟರು ಅವರ ಬಲಗೈ ಎತ್ತಿಸಿ ನೋಡಿದರು, ನಾಲಿಗೆ ಚಾಚಿಸಿದರು. ನನ್ನ ಮೂಲಕ ಏನೇನೋ ಕೇಳಿದರು. ಊರು ಯಾವುದು ಎಂದದ್ದಕ್ಕೆ ಅಜ್ಜಿ “ಕೋಲಾರ” ಎಂದರು. ಇವರು ಯಾರು ಎಂದು ಯೋಹಾನಭಾಯಿಯನ್ನು ತೋರಿಸಿದಾಗ, “ಇವ್ನು ನಮ್ ಯೋಹಾನ. ಹುಟ್ದಾಗ ಅಳ್ಳೇ ಇಲ್ಲ, ಬೆನ್ಮೇಲೆ ಎರಡು ಬಿಟ್ಟೆ, ಆಮೇಲ್ ಅತ್ತ” ಎಂದರು. ನಾನು ಅದನ್ನು ಹಿಂದಿಯಲ್ಲಿ ಹೇಳಿದೆ. ಡಾಕ್ಟರು ನಕ್ಕರು. ಪಾಸ್ಟರು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿಕೊಂಡರು.

ಹುಚ್ಚಲ್ಲ ಎಂದರು ಡಾಕ್ಟರು. ಸಣ್ಣದಾಗಿ ಪಾರ್ಶ್ವವಾಯು ಬಡಿದಿದೆ. ಕೆಲವರಿಗೆ ಹೀಗಾದಾಗ ಆಮೇಲೆ ಕಲಿತ ಭಾಷೆ ಅಳಿಸಿಹೋಗಿ ಹುಟ್ಟಿನ ಭಾಷೆ ಮಾತ್ರ ಉಳಿಯುತ್ತದೆ. ತಿರುಗಿ ಬರಬಹುದು, ಬಾರದೆಯೂ ಇರಬಹುದು. ಮಾತ್ರೆ ಬರೆದುಕೊಟ್ಟು, ಆಸ್ಪತ್ರೆ ಬೇಡ, ಊರಿಗೆ ಕರೆದುಕೊಂಡು ಹೋಗಿ ಚೆನ್ನಾಗಿ ಊಟ ಮಾಡಿಸಿ ಎಂದರು.

ಊಟ ಮಾಡಿಸುವುದೇ ಆಗದ ಕೆಲಸವಾಗಿತ್ತಲ್ಲ. ಯೋಹಾನಭಾಯಿ ನಮ್ಮ ಯಜಮಾನರ ಮುಂದೆ ಕೈ ಮುಗಿದು ನಿಂತರು. ಬೆನ್ ಒಂದು ದಿನ ನಮ್ಮ ಜೊತೆ ಬಂದರೆ ಮಾಸಿಗೆ ಏನು ಬೇಕು ಎಂದಾದರೂ ಗೊತ್ತಾಗುತ್ತದೆ, ಸಂಜೆ ಹಾಲಿನ ಟೆಂಪೊದಲ್ಲಿ ತಂದು ಬಿಡುತ್ತೇವೆ ಎಂದರು. ಯಜಮಾನರು ನನ್ನ ಮುಖ ನೋಡಿದರು.

“ಹೋಗಿ ಬಾ. ಇಲ್ಲಿ ನಾನು ನೋಡಿಕೊಳ್ತೇನೆ. ಎರಡು ವರ್ಷದಿಂದ ನೀನು ಈ ಬೀದಿ ದಾಟಿಲ್ಲ ಮಾರಾಯ್ತಿ.”

ಹಾಗೆ ನಾನು ಮೊದಲ ಸಲ ಗುಜರಾತಿನ ಹಳ್ಳಿ ನೋಡಿದ್ದು. ಡಾಂಬರು ರಸ್ತೆ ಬಿಟ್ಟ ಮೇಲೆ ಎರಡೂ ಕಡೆ ತಂಬಾಕಿನ ಹೊಲಗಳು. ಅಗಲವಾದ ಎಲೆಗಳ ಮೇಲೆ ಇನ್ನೂ ಇಬ್ಬನಿ ಇತ್ತು. ಕಳ್ಳಿಯ ಬೇಲಿ, ಬೇವಿನ ಮರಗಳು, ನಡುವೆ ಬಾಳೆಯ ತೋಟ. ನವಿಲುಗಳು ನಮ್ಮೂರಿನ ಕೋಳಿಗಳ ಹಾಗೆ ಯಾರ ಹೆದರಿಕೆಯೂ ಇಲ್ಲದೆ ರಸ್ತೆ ದಾಟುತ್ತಿದ್ದವು. ಊರು ಮುಗಿಯುವ ಕಡೆ ನೆಲ ಇದ್ದಕ್ಕಿದ್ದಂತೆ ಕುಸಿದು ದೊಡ್ಡ ದೊಡ್ಡ ಕಂದರಗಳಾಗುತ್ತಿತ್ತು. ಮಳೆನೀರು ಕೊರೆದ ಕೆಂಪು ಮಣ್ಣಿನ ಗೋಡೆಗಳು, ಅವುಗಳ ಆಚೆ ದೂರದಲ್ಲಿ ಮಹೀ ನದಿ. ಕಂದರದ ಅಂಚಿನಲ್ಲೇ ಹೆಂಚಿನ ಮಾಡಿನ ಚರ್ಚು. ಗೋಪುರವಿಲ್ಲ. ಬೇವಿನ ಕೊಂಬೆಗೆ ರೈಲಿನ ಕಂಬಿಯ ತುಂಡೊಂದನ್ನು ನೇತುಹಾಕಿದ್ದರು, ಅದೇ ಗಂಟೆ. ಪಕ್ಕದಲ್ಲಿ ಸಣ್ಣ ಸ್ಮಶಾನ, ಅದರ ಬೇಲಿಯಾಚೆ ಯಾರದೋ ಎಮ್ಮೆ ಮೇಯುತ್ತಿತ್ತು. ಚರ್ಚಿಗೆ ಸೇರಿದ ಮನೆಗಳು ಐವತ್ತೋ ಅರವತ್ತೋ ಇದ್ದಿರಬಹುದು. ಎಲ್ಲರೂ ಹೊಲದಲ್ಲಿ ಕೂಲಿ ಮಾಡುವವರು, ಎಮ್ಮೆ ಸಾಕಿ ಹಾಲು ಹಾಕುವವರು, ಒಬ್ಬಿಬ್ಬರು ಮಾಸ್ತರರು.

ಸಾರಮ್ಮನನ್ನು ಇಟ್ಟುಕೊಂಡಿದ್ದದ್ದು ಮಣಿಬೆನ್ ಎಂಬ ಹೆಂಗಸಿನ ಮನೆಯಲ್ಲಿ. ಟೆಂಪೊದಲ್ಲಿ ಗಾಳಿ ಹಾಕುತ್ತಿದ್ದವಳು ಅವಳೇ. ಆ ಕೇರಿಯಲ್ಲಿ ಅದೊಂದೇ ಇಟ್ಟಿಗೆಯ ಮನೆ. ಮಣಿಬೆನ್ ತಟ್ಟೆಯಲ್ಲಿ ಸಜ್ಜೆ ರೊಟ್ಟಿ ಮುರಿದು, ಮೇಲೆ ಬದನೆಕಾಯಿ ಪಲ್ಯ ಹಾಕಿ ತಿನ್ನಿಸಲು ಕೂತಳು. ಎರಡು ತುತ್ತು ತಿಂದು ಸಾರಮ್ಮ “ಸಾಕು” ಎಂದರು. ಮಣಿಬೆನ್ ಲಗುಬಗೆಯಿಂದ ಇನ್ನೊಂದು ಸೌಟು ಪಲ್ಯ ಹಾಕಿದಳು. “ಸಾಕು, ಸಾಕು!” ಎಂದು ಅಜ್ಜಿ ಕಿರುಚಿದರು. ಮತ್ತೊಂದು ಸೌಟು ಬಿತ್ತು. ಅಜ್ಜಿ ತಟ್ಟೆಯನ್ನೇ ತಳ್ಳಿದರು.

“ನೋಡಿದಿರಾ? ದಿನಾ ಹೀಗೇ,” ಎಂದಳು ಮಣಿಬೆನ್ ಮುರುಕು ಹಿಂದಿಯಲ್ಲಿ, ಅಳುವ ದನಿಯಲ್ಲಿ. “ಶಾಕ್ ಶಾಕ್ ಎಂದು ಕೇಳುತ್ತಾರೆ, ಹಾಕಿದರೆ ಎಸೆಯುತ್ತಾರೆ.”

ಗುಜರಾತಿಯಲ್ಲಿ ಪಲ್ಯಕ್ಕೆ ಶಾಕ್ ಎನ್ನುತ್ತಾರೆ. ಅಷ್ಟು ನನಗೂ ಗೊತ್ತಿತ್ತು. ನನಗೆ ನಗು ತಡೆಯಲಾಗಲಿಲ್ಲ. ಅವರು ಕೇಳುತ್ತಿರುವುದು ಪಲ್ಯವಲ್ಲ, ಇನ್ನು ಬೇಡ ಎನ್ನುತ್ತಿದ್ದಾರೆ ಎಂದು ವಿವರಿಸಿದೆ. ಮಣಿಬೆನ್ ಹಣೆ ಚಚ್ಚಿಕೊಂಡಳು. ಬಾಗಿಲಲ್ಲಿ ನಿಂತಿದ್ದ ಹೆಂಗಸರೆಲ್ಲ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಹದಿನೈದು ದಿನಗಳಲ್ಲಿ ಆ ಮನೆಯಲ್ಲಿ ಕೇಳಿದ ಮೊದಲ ನಗು ಅದಾಗಿರಬೇಕು.

ಯೋಹಾನಭಾಯಿ ಮುಂದೆ ಬಂದರು. “ಇನ್ನೊಂದು ಮಾತಿದೆ ಬೆನ್. ಹಗಲೂ ರಾತ್ರಿ ‘ಮನೆ, ಮನೆ’ ಎನ್ನುತ್ತಾರೆ. ನಮ್ಮಲ್ಲಿ ಮನೆ ಎಂದರೆ ‘ನನಗೆ’ ಎಂದು ಅರ್ಥ. ನನಗೆ, ನನಗೆ ಎನ್ನುತ್ತಾರೆ, ಏನು ಕೊಡಲಿ ಎಂದು ಕೇಳಿದರೆ ಹೇಳುವುದಿಲ್ಲ. ಹಾಲು ಕೊಟ್ಟೆವು, ಬೈಬಲ್ ಕೊಟ್ಟೆವು, ಅವರ ಶಾಲು ತಂದುಕೊಟ್ಟೆವು. ಯಾವುದೂ ಬೇಡ.”

ನನ್ನ ನಗು ನಿಂತಿತು. ನಮ್ಮ ಭಾಷೆಯಲ್ಲಿ ಮನೆ ಎಂದರೆ ಘರ್ ಎಂದೆ. ಮನೆಗೆ ಹೋಗಬೇಕು ಎನ್ನುತ್ತಿದ್ದಾರೆ.

ನನ್ನ ಮನಸ್ಸಿನಲ್ಲಿ ಬಂದದ್ದೇ ಅವರೆಲ್ಲರ ಮನಸ್ಸಿನಲ್ಲೂ ಬಂದಿತ್ತು. ಕೋಲಾರ. ಮಣಿಬೆನ್ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಒಳಗಿನಿಂದ ಅವಳು ಬಿಕ್ಕುವುದು ಕೇಳಿಸಿತು. ಒಬ್ಬ ಮುದುಕ, “ನಾವು ಏನು ಕಡಿಮೆ ಮಾಡಿದೆವು?” ಎಂದು ಯಾರನ್ನೂ ನೋಡದೆ ಕೇಳಿದ. ಯೋಹಾನಭಾಯಿ ಮಾತ್ರ ಗಟ್ಟಿಯಾಗಿ, “ಅವರಿಗೆ ಅದೇ ಬೇಕಿದ್ದರೆ ಕಳಿಸೋಣ. ನಾನೇ ರೈಲಿನಲ್ಲಿ ಬಿಟ್ಟು ಬರುತ್ತೇನೆ. ಅಲ್ಲಿ ಯಾರಿದ್ದಾರೆ ಎಂದು ಕೇಳಿ ಬೆನ್” ಎಂದರು.

ನಾನು ಮಂಚದ ಪಕ್ಕ ಕೂತೆ. “ಅಜ್ಜೀ, ಕೋಲಾರದಲ್ಲಿ ನಿಮ್ಮ ಮನೆಯಲ್ಲಿ ಈಗ ಯಾರಿದ್ದಾರೆ?”

“ಕೋಲಾರ್ದಲ್ಲಿ ಯಾರವ್ರೆ? ಎಲ್ಲ ಸತ್ತು ಮಣ್ಣಾದ್ರು.”

“ಮತ್ತೆ ಯಾವ ಮನೆಗೆ ಹೋಗಬೇಕು ನೀವು?”

ಸಾರಮ್ಮ ನನ್ನನ್ನು ದಡ್ಡಿಯನ್ನು ನೋಡಿದ ಹಾಗೆ ನೋಡಿದರು. “ಯಾವ್ ಮನೆ ಅಂದ್ರೆ? ನಂಗೇನ್ ಹತ್ತು ಮನೆ ಐತಾ? ಅಲ್ಲೇ, ಚರ್ಚ್ ಹಿಂದ್ಗಡೆ. ಬೀಗ ಹಾಕ್ಬಿಟ್ಟವ್ರೆ. ಇಲ್ಲಿ ಈ ಫ್ಯಾನ್ ಕೆಳಗೆ ಮಲಗ್ಸವ್ರೆ, ಕಿವಿಯೊಳ್ಗೆ ಗಾಳಿ ನುಗ್ಗುತ್ತೆ.”

ನಾನು ಅದನ್ನು ಹಿಂದಿಯಲ್ಲಿ ಹೇಳುವುದರೊಳಗೆ ಅಜ್ಜಿ ಚಾಚಿದ ಕೈ ನೋಡಿಯೇ ಯೋಹಾನಭಾಯಿಗೆ ಗೊತ್ತಾಯಿತು. ಚರ್ಚಿನ ಹಿಂದಿನ ಎರಡು ಕೋಣೆಯ ಮಣ್ಣಿನ ಮನೆ. ಕಂದರದಿಂದ ಚಳಿಗಾಳಿ ಹೊಡೆಯುತ್ತದೆ, ಒಬ್ಬರೇ ಇರುವುದು ಬೇಡ ಎಂದು ಬೀಗ ಹಾಕಿ ಊರಿನ ಒಳ್ಳೆಯ ಮನೆಗೆ ತಂದಿದ್ದರು. ಫ್ಯಾನನ್ನು ಮಣಿಬೆನ್ನಿನ ಗಂಡ ಮಾಸಿಗಾಗಿಯೇ ಹೊಸದಾಗಿ ಹಾಕಿಸಿದ್ದನಂತೆ. ಚಳಿಗಾಲದಲ್ಲಿ!

ಮಣಿಬೆನ್ ಒಳಗಿನಿಂದ ಬಂದು ಮೊದಲು ಫ್ಯಾನ್ ನಿಲ್ಲಿಸಿದಳು.

ತಡಮಾಡಲಿಲ್ಲ. ನಾಲ್ಕು ಜನ ಮಂಚವನ್ನೇ ಹೆಗಲಿಗೇರಿಸಿ ಹೊರಟರು. ನಾಲ್ಕು ಜನ ಹೊತ್ತು ನಡೆಯುವುದನ್ನು ಕಂಡು ನನಗೆ ಚಟ್ಟದ ನೆನಪಾಯಿತು. ಆದರೆ ಮೇಲೆ ಮಲಗಿದ್ದವರು ದಾರಿಯುದ್ದಕ್ಕೂ ಬೈಯುತ್ತಿದ್ದರು. “ಮೆಲ್ಲಗ್ ನಡೀರೋ, ಮುಂದ್ಗಡೆ ಗುಂಡಿ ಐತೆ. ಹೇ ಎಡಗಡೆಯವ್ನೇ, ನಿದ್ದೆ ಮಾಡ್ತಿದ್ದೀಯ?” ನಾನು ಪಕ್ಕದಲ್ಲಿ ನಡೆಯುತ್ತ ಒಂದೊಂದನ್ನೂ ಹಿಂದಿಯಲ್ಲಿ ಹೇಳುತ್ತಿದ್ದೆ. ಹೊತ್ತವರು ಬೈಸಿಕೊಂಡು ನಗುತ್ತಿದ್ದರು. ಮನೆಮನೆಯಿಂದ ಜನ ಹೊರಗೆ ಬಂದು ಹಿಂದೆ ನಡೆದರು. ಬೀಗ ತೆಗೆದು, ಕಸ ಹೊಡೆದು, ಒಲೆ ಹಚ್ಚಿದರು. ಕಿಟಕಿಯ ಪಕ್ಕ ಮಂಚ ಇಟ್ಟಾಗ ಸಾರಮ್ಮ ಹೊರಗೆ ಕಂದರದ ಕಡೆಗೊಮ್ಮೆ ನೋಡಿ, ಗೋಡೆಯ ಕಡೆ ತಿರುಗಿ, ಹಾಗೇ ನಿದ್ದೆ ಹೋದರು. ಆಗ ನನ್ನ ಕೈ ಬಿಟ್ಟರು.

ಆಮೇಲೆ ಪ್ರತಿ ಗುರುವಾರ ನಾನು ಹೋಗತೊಡಗಿದೆ. ಬಸ್ಸು ಕ್ರಾಸಿನಲ್ಲಿ ಬಿಡುತ್ತಿತ್ತು, ಅಲ್ಲಿಂದ ತಂಬಾಕಿನ ಹೊಲದ ನಡುವೆ ನಡೆದು ಹೋಗಬೇಕು. ಮಣಿಬೆನ್ ರಾತ್ರಿ ಮಲಗಲು ಮಾಸಿಯ ಮನೆಗೇ ಬರುತ್ತಿದ್ದಳು. ನಾನು ಹೋದಾಗ ಅಂಗಳದಲ್ಲಿ ಯಾರಾದರೂ ಕಾಯುತ್ತ ಕೂತಿರುತ್ತಿದ್ದರು. ಎಲ್ಲರದೂ ಒಂದೇ ಪ್ರಶ್ನೆ. “ಬೆನ್, ಮಾಸಿ ನನ್ನ ವಿಷಯ ಏನಾದರೂ ಹೇಳಿದರಾ?” ಮೀಸೆ ನೆರೆತ ಗಂಡಸರೂ ಹಾಗೆ ಕೇಳುತ್ತಿದ್ದರು. ನಾನು ಒಳಗೆ ಹೋಗಿ ಅವರ ಹೆಸರು ಹೇಳಿದರೆ ಸಾರಮ್ಮ ಎಲ್ಲ ಹೇಳುತ್ತಿದ್ದರು. ಇವನು ಕಾಲು ಮುಂದಾಗಿ ಬಂದವನು, ಇವಳ ತಾಯಿಗೆ ಮೂರು ದಿನ ನೋವು, ಇವನು ಹುಟ್ಟಿದ ದಿನ ಮಹೀ ಉಕ್ಕಿ ಚರ್ಚಿನ ಕೆಳಗಿನವರೆಗೂ ನೀರು ಬಂದಿತ್ತು. ಕೆಲವರ ವಿಷಯದಲ್ಲಿ ಒಳ್ಳೆಯದನ್ನೇನೂ ಹೇಳುತ್ತಿರಲಿಲ್ಲ. ಅಂಥದ್ದನ್ನು ನಾನು ಸ್ವಲ್ಪ ಮೆತ್ತಗೆ ಮಾಡಿ ಹೇಳುತ್ತಿದ್ದೆ.

ಒಮ್ಮೆ ನಾನೇ ಕೇಳಿದೆ, “ಡಾಕ್ಟರಮ್ಮ ಹೋದಾಗ ನೀವ್ಯಾಕೆ ಹೋಗಲಿಲ್ಲ ಅಜ್ಜೀ?”

“ಹೋಗೋಣ ಅಂತ ಟ್ರಂಕ್ ಕಟ್ಟಿಟ್ಟೆ. ಅವತ್ತೇ ಒಬ್ಳಿಗೆ ನೋವು ಶುರುವಾಯ್ತು. ಬಿಟ್ಟು ಹೋಗೋಕಾಗುತ್ತಾ? ಮುಂದಿನ್ ತಿಂಗ್ಳು ಹೋದ್ರಾಯ್ತು ಅಂದೆ. ಮುಂದಿನ್ ತಿಂಗ್ಳು ಇನ್ನೊಬ್ಳು. ಹಿಂಗೇ ಆಯ್ತು.”

ಅಷ್ಟೇ. ಅದರಲ್ಲಿ ದೊಡ್ಡ ವಿಷಯವೇನೂ ಇಲ್ಲ ಎನ್ನುವ ಹಾಗೆ ಹೇಳಿ, ಬಾಯಿಗೆ ಅಡಿಕೆ ಹಾಕಿಕೊಂಡರು.

ಬೇಸಿಗೆ ಶುರುವಾಗುವ ಹೊತ್ತಿಗೆ ಅವರ ಗುಜರಾತಿ ತಿರುಗಿ ಬಂತು. ಒಂದು ಬೆಳಿಗ್ಗೆ ಮಣಿಬೆನ್ ತಲೆಗೆ ನೀರು ಹಾಕುವಾಗ “ಧೀಮೆ, ಧೀಮೆ”, ಮೆಲ್ಲಗೆ, ಎಂದರಂತೆ. ಮಣಿಬೆನ್ ಚೊಂಬು ಬಿಸಾಡಿ, ಮಾಸಿ ಮಾತನಾಡಿದರು ಎಂದು ಕೂಗುತ್ತ ಕೇರಿಯುದ್ದಕ್ಕೂ ಓಡಿದಳು. ನಾನು ಮುಂದಿನ ಗುರುವಾರ ಹೋದಾಗ ಸಾರಮ್ಮ ನನ್ನನ್ನೂ “ಆವ್ ದೀಕರೀ”, ಬಾ ಮಗಳೇ, ಎಂದೇ ಕರೆದರು. ನನಗೆ ಸಂತೋಷವಾಯಿತು. ಜೊತೆಗೆ ನನ್ನ ಕೆಲಸ ಹೋದ ಹಾಗೆಯೂ ಆಯಿತು. ಅವರಿಗೆ ನನ್ನ ಮುಖದಲ್ಲೇ ಅದು ಕಂಡಿರಬೇಕು. “ಯಾಕ್ ನಿಂತೆ? ಕೂತ್ಕೋ. ನಿಂಜೊತೆ ಕನ್ನಡದಲ್ಲೇ ಜಗಳ ಆಡ್ತೀನಿ” ಎಂದರು.

ಅದಾಗಿ ಐದು ವರ್ಷ ಬದುಕಿದರು. ಗುರುವಾರದ ಬಸ್ಸು ನನಗೆ ರೂಢಿಯಾಯಿತು. ಮಗಳು ಹುಟ್ಟಿದ ಮೇಲೆ ಅವಳನ್ನೂ ಎತ್ತಿಕೊಂಡು ಹೋಗುತ್ತಿದ್ದೆ. ನಾನು ಗುಜರಾತಿ ಕಲಿತದ್ದು ಆ ಅಂಗಳದಲ್ಲಿ.

ಅವರು ತೀರಿಕೊಂಡದ್ದು ಒಂದು ಮಳೆಗಾಲದಲ್ಲಿ, ಮಲಗಿದ್ದ ಹಾಗೆಯೇ. ಬೆಳಿಗ್ಗೆ ಹಾಲಿನ ಟೆಂಪೊದವನು ಹೋಟೆಲಿಗೆ ಬಂದು ಸುದ್ದಿ ಹೇಳಿದ. ಹೊರಗೆ ಜೋರು ಮಳೆ. ನೆನೆದರೆ ಉಡಲು ಬೇಕೆಂದು ಮನೆಯಲ್ಲಿ ಉಡುವ ಒಂದು ನೀಲಿ ಕೈಮಗ್ಗದ ಸೀರೆಯನ್ನು ಚೀಲದಲ್ಲಿ ಹಾಕಿಕೊಂಡು ಹೊರಟೆ. ಕ್ರಾಸಿನಿಂದಾಚೆ ರಸ್ತೆ ತುಂಬ ಕೆಸರು. ಊರು ಮುಟ್ಟುವಾಗ ಮಧ್ಯಾಹ್ನ ದಾಟಿತ್ತು. ಎಲ್ಲ ಮುಗಿದಿರುತ್ತದೆ ಎಂದುಕೊಂಡಿದ್ದೆ. ಆದರೆ ಚರ್ಚಿನೊಳಗೆ ಇಡೀ ಕೇರಿ ಚಾಪೆಯ ಮೇಲೆ ಕೂತು ತಾಳ ಹಾಕುತ್ತ ಮೆಲ್ಲಗೆ ಹಾಡುತ್ತಿತ್ತು. ಶವದ ಪೆಟ್ಟಿಗೆ ಇನ್ನೂ ತೆರೆದೇ ಇತ್ತು.

ಯಾಕೆ ತಡ ಮಾಡಿದಿರಿ ಎಂದು ಮಣಿಬೆನ್ನನ್ನು ಕೇಳಿದೆ. ಅವಳು ನನ್ನನ್ನು ಪಕ್ಕಕ್ಕೆ ಕರೆದುಕೊಂಡು ಹೋದಳು. ಆ ಊರಿನಲ್ಲಿ ಹೆಂಗಸು ತೀರಿಕೊಂಡರೆ ಕಡೆಯ ಸೀರೆ ‘ಪಿಯರ್’ನಿಂದ, ಅಂದರೆ ತವರಿನಿಂದ, ಬರಬೇಕು. ತವರಿನವರು ಹೊದಿಸದೆ ಮಣ್ಣು ಮಾಡುವುದಿಲ್ಲ.

“ಮಾಸಿಗೆ ತವರಿನವರು ಅಂತ ನಿನ್ನನ್ನು ಬಿಟ್ಟು ಯಾರಿದ್ದಾರೆ? ಅದಕ್ಕೇ ಕಾದೆವು.”

ನಾನು ಕೋಲಾರದವಳಲ್ಲ, ಅವರ ಜಾತಿಯವಳಲ್ಲ, ಅವರ ಧರ್ಮದವಳೂ ಅಲ್ಲ. ಹೊಸ ಸೀರೆಯನ್ನೂ ತಂದಿರಲಿಲ್ಲ. ಚೀಲದಲ್ಲಿದ್ದ ನೀಲಿ ಸೀರೆ ತೆಗೆದು ತೋರಿಸಿದೆ. “ಉಟ್ಟ ಸೀರೆ ಇದು, ಆದೀತಾ?” ಎಂದೆ. “ನಿನ್ನದಾದರೆ ಆಯಿತು” ಎಂದಳು. ಯೋಹಾನಭಾಯಿ ಎದ್ದು ದಾರಿ ಬಿಟ್ಟರು. ನಾನೇ ಹೊದಿಸಿದೆ. ಸಮಾಧಿಯ ಹತ್ತಿರವೂ ಮೊದಲ ಹಿಡಿ ಮಣ್ಣು ನನ್ನಿಂದಲೇ ಹಾಕಿಸಿದರು.

ಒದ್ದೆ ಸೀರೆಯಲ್ಲೇ ಬಸ್ಸು ಹತ್ತಿ ಮನೆಗೆ ಬಂದೆ. ತಲೆಗೆ ಸ್ನಾನ ಮಾಡಿ ಕೂತೆ. ಯಾವ ಸೂತಕ ಎಂದು ಯಜಮಾನರು ಕೇಳಲಿಲ್ಲ. ಬಿಸಿ ಕಾಫಿ ತಂದು ಮುಂದಿಟ್ಟು ಪಕ್ಕದಲ್ಲಿ ಕೂತರು.

ಕೋಲಾರವನ್ನು ನಾನು ಇವತ್ತಿಗೂ ನೋಡಿಲ್ಲ. ರೈಲ್ವೆ ಪ್ಲಾಟ್‌ಫಾರಂನಲ್ಲೋ ಆಸ್ಪತ್ರೆಯ ವರಾಂಡದಲ್ಲೋ ಯಾರಾದರೂ ಒಂಟಿಯಾಗಿ ಅರ್ಥವಾಗದ ಮಾತು ಆಡುತ್ತ ಕೂತಿದ್ದರೆ ಜನ ಪಕ್ಕಕ್ಕೆ ಸರಿದು ಹೋಗುತ್ತಾರೆ. ನನ್ನಿಂದ ಅದು ಆಗುವುದಿಲ್ಲ. ನನಗೂ ತಿಳಿಯದ ಭಾಷೆಯೇ ಇರಬಹುದು, ನಿಜಕ್ಕೂ ಹುಚ್ಚೇ ಇರಬಹುದು. ಆದರೂ ಕೈಯಲ್ಲಿದ್ದ ಚೀಲ ಕೆಳಗಿಟ್ಟು ಸ್ವಲ್ಪ ಹೊತ್ತು ನಿಂತು ಕೇಳುತ್ತೇನೆ.